ಬಾಲ್ ಪೈಥಾನ್ ಬಿಟ್ಟು ಬೇರೆ ಹೆಬ್ಬಾವು: ನಮ್ಮ ಬಯಲುಸೀಮೆಯ ಕೋಣೆಗೆ ಯಾವುದು ಹೊಂದುತ್ತದೆ?

ಹೆಬ್ಬಾವು ಸಾಕುವ ಆಸೆ ಹುಟ್ಟಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಾಲ್ ಪೈಥಾನ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು ಅದು. ಮೂರರಿಂದ ಐದು ಅಡಿ ಬೆಳೆಯುತ್ತದೆ. ಹೆದರಿದರೆ ಕಚ್ಚುವ ಬದಲು ತಲೆಯನ್ನು ಒಳಗಿಟ್ಟು ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಪ್ರಪಂಚದಲ್ಲಿ ಜಾಸ್ತಿ ಜನ ಸಾಕುವ ಹೆಬ್ಬಾವು ಇದೇ. ಹಾಗಾಗಿ ಇದರ ಊಟ, ಕಾಯಿಲೆ, ಸ್ವಭಾವದ ಬಗ್ಗೆ ಮಾಹಿತಿಯೂ ಧಾರಾಳ.

ಆದರೆ ಹೆಬ್ಬಾವಿನ ಕುಟುಂಬದಲ್ಲಿ ಸುಮಾರು ನಲವತ್ತು ಜಾತಿಗಳಿವೆ. ಮೊಬೈಲ್‌ನಲ್ಲಿ ಅವುಗಳ ವಿಡಿಯೊ ನೋಡಿದ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹುಡುಗರು ಈಗ ಬೇರೆ ಪ್ರಶ್ನೆ ಕೇಳುತ್ತಾರೆ. ಎಲ್ಲರ ಹತ್ತಿರ ಇರುವುದು ಬೇಡ, ಸ್ವಲ್ಪ ಅಪರೂಪದ್ದು ಯಾವುದು ತರಬಹುದು? ಆಸೆ ತಪ್ಪಲ್ಲ. ಆದರೆ ಬಣ್ಣ ನೋಡಿ ಆರಿಸಿದರೆ ಹೆಚ್ಚಿನ ಸಲ ಹಾವು ಸಾಯುತ್ತದೆ, ಕಾಗದ ನೋಡದೆ ಕೊಂಡರೆ ಮನುಷ್ಯ ಕೋರ್ಟಿಗೆ ಅಲೆಯುತ್ತಾನೆ. ನೋಡಬೇಕಾದದ್ದು ಎರಡೇ. ಈ ಹಾವು ಕಾನೂನಿನ ಪ್ರಕಾರ ನನ್ನ ಮನೆಗೆ ಬರಬಹುದಾ? ಅದರ ಊರಿನ ಹವೆಗೂ ನನ್ನ ಕೋಣೆಯ ಹವೆಗೂ ಎಷ್ಟು ಅಂತರ?

ಮೊದಲು ಯಾವುದು ಸುತರಾಂ ಆಗದು ಎಂಬುದನ್ನು ಹೇಳಿಬಿಡುತ್ತೇನೆ. ಭಾರತದಲ್ಲಿ ಮೂರು ಜಾತಿಯ ಹೆಬ್ಬಾವುಗಳಿವೆ. ನಮ್ಮ ಕಡೆ ಕಾಡು, ಬಂಡೆ, ಕೆರೆಯಂಚಿನಲ್ಲಿ ಕಾಣುವ ಹೆಬ್ಬಾವು ಒಂದು. ಈಶಾನ್ಯ ರಾಜ್ಯಗಳ ಕಡೆಯ ಬರ್ಮೀಸ್ ಪೈಥಾನ್ ಇನ್ನೊಂದು. ಈಶಾನ್ಯದಲ್ಲೂ ನಿಕೋಬಾರ್‌ನಲ್ಲೂ ಇರುವ ರೆಟಿಕ್ಯುಲೇಟೆಡ್ ಪೈಥಾನ್ ಮೂರನೆಯದು. ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಹಿಡಿದರೆ, ಮಾರಿದರೆ, ಸುಮ್ನೆ ಮನೆಯಲ್ಲಿ ಇಟ್ಟುಕೊಂಡರೂ ಮೂರರಿಂದ ಏಳು ವರ್ಷ ಜೈಲು ಮತ್ತು ಕನಿಷ್ಠ 25,000 ರೂಪಾಯಿ ದಂಡ.

ಇಲ್ಲಿ ಬಹಳ ಜನ ಎಡವುತ್ತಾರೆ. ಹಳದಿ-ಬಿಳಿ ಬಣ್ಣದ ಅಲ್ಬಿನೋ ಬರ್ಮೀಸ್ ಹಾವು ನೋಡಿ, ಇದು ವಿದೇಶದ್ದು, ಸಾಕಬಹುದು ಅಂದುಕೊಳ್ಳುತ್ತಾರೆ. ಬಣ್ಣ ಬದಲಾದರೆ ಜಾತಿ ಬದಲಾಗುವುದಿಲ್ಲ. ಅದು ನಮ್ಮ ದೇಶದ ಹಾವೇ. ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ ಹಾವಿಗೂ ರಕ್ಷಣೆ ಇದೆ. ಅದನ್ನು ಲಕ್ಷಗಟ್ಟಲೆ ರೂಪಾಯಿಗೆ ಮಾರುವ ದಂಧೆಯಲ್ಲಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅದೃಷ್ಟ, ನಿಧಿ, ಔಷಧಿ ಎಲ್ಲವೂ ಬರೀ ಸುಳ್ಳು. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿರುತ್ತದೆ, ಅಷ್ಟೇ.

ಇದಕ್ಕಿಂತ ಅಪಾಯದ ವಿಷಯ ಒಂದಿದೆ. ಕಡಲೆಕಾಯಿ ಹೊಲದಲ್ಲಿ, ಹುಲ್ಲಿನ ಬಣವೆಯ ಕೆಳಗೆ ಸಿಕ್ಕ ದಪ್ಪನೆಯ ಚುಕ್ಕೆ ಹಾವನ್ನು ಹೆಬ್ಬಾವಿನ ಮರಿ ಅಂತ ಕೈಗೆತ್ತಿಕೊಳ್ಳುವುದು. ಅದು ಕೊಳಕುಮಂಡಲ ಆಗಿರಬಹುದು. ಕೊಳಕುಮಂಡಲದ ಬೆನ್ನಿನ ಮೇಲೆ ದುಂಡಗಿನ ಮಚ್ಚೆಗಳು ಮೂರು ಸಾಲಾಗಿ, ಸರಪಳಿಯಂತೆ ಇರುತ್ತವೆ. ಚರ್ಮ ಒರಟು. ಹತ್ತಿರ ಹೋದರೆ ಜೋರಾಗಿ ಬುಸುಗುಡುತ್ತದೆ. ಹೆಬ್ಬಾವಿನ ಮಚ್ಚೆಗಳು ಒಂದರಂತೆ ಒಂದಿರುವುದಿಲ್ಲ, ಅಂಕುಡೊಂಕು. ಚರ್ಮ ನುಣುಪಾಗಿ ಹೊಳೆಯುತ್ತದೆ. ತಲೆಯ ಮೇಲೆ ಬಾಣದ ಗುರುತು ಇರುತ್ತದೆ. ಇದನ್ನು ಬರೆದದ್ದು ಗುರುತಿಸಿ ಹಿಡಿಯಲಿ ಅಂತ ಅಲ್ಲ. ಗೊತ್ತಿದ್ದರೂ ಮುಟ್ಟಬೇಡಿ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದೇ ತಪ್ಪುತ್ತದೆ, ಮೂತ್ರಪಿಂಡ ಕೈಕೊಡಬಹುದು. ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರವರಿಯಲ್ಲಿ, ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ವಿಷಯವೆಂದು ಸಾರಿತು. ನಮ್ಮ ಹೊಲಗಳಲ್ಲಿ ಅದು ಅಷ್ಟು ದೊಡ್ಡ ತೊಂದರೆ.

ಇನ್ನು ಹೊರದೇಶದ ಹೆಬ್ಬಾವುಗಳು. ಪ್ರಪಂಚದ ಎಲ್ಲ ಹೆಬ್ಬಾವುಗಳೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಭಾರತ 1976ರಿಂದ ಅದರ ಸದಸ್ಯ. 2022ರಲ್ಲಿ ನಮ್ಮ ಕಾಯ್ದೆಗೆ ತಿದ್ದುಪಡಿ ಆಯಿತು. ಈ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ನಾಲ್ಕನೇ ಪಟ್ಟಿಗೆ ಸೇರಿದವು. 2024ರ ಫೆಬ್ರವರಿ ಕೊನೆಯಲ್ಲಿ ನೋಂದಣಿ ನಿಯಮಗಳು ಬಂದವು. ಆಗ ಹಾವು ಇಟ್ಟುಕೊಂಡಿದ್ದವರಿಗೆ ಆರು ತಿಂಗಳ ಕಾಲಾವಕಾಶ ಇತ್ತು. ಈಗ ಹೊಸದಾಗಿ ತಂದವರು 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಮರಿ ಹುಟ್ಟಿದರೆ, ಹಾವು ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಮರಿ ಮಾಡಿಸಿ ಮಾರುವವರಿಗೆ ಬೇರೆಯೇ ಪರವಾನಗಿ ಬೇಕು.

ಮಾರುವವರು ಕೆಲವರು 2020ರ ಘೋಷಣೆಯ ಕಾಗದ ತೋರಿಸುತ್ತಾರೆ. ಆ ವರ್ಷದ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಹೇಳಿಕೊಳ್ಳಲು ಅವಕಾಶ ಕೊಟ್ಟಿದ್ದು ನಿಜ. ಆದರೆ ಆ ಕಾಗದ ಆಗ ಇದ್ದ ಹಾವಿಗೆ. ಇವತ್ತು ನಿಮ್ಮ ಕೈಗೆ ಬರುವ ಮರಿಗೆ ಅದು ಸಾಲುವುದಿಲ್ಲ. ಈ ಮರಿ ಯಾವ ತಾಯಿಯದು, ಆ ತಾಯಿಯ ನೋಂದಣಿ ಎಲ್ಲಿದೆ, ಮಾರುವವನ ಪರವಾನಗಿ ಎಲ್ಲಿ, ನನ್ನ ಹೆಸರಿಗೆ ವರ್ಗಾವಣೆ ಹೇಗೆ ಆಗುತ್ತದೆ? ಈ ನಾಲ್ಕಕ್ಕೂ ಕಾಗದದಲ್ಲಿ ಉತ್ತರ ಬೇಕು. "ಪೇಪರ್ ಆಮೇಲೆ ಕಳಿಸ್ತೀವಿ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ದುಡ್ಡು ಕೊಡುವ ಮುಂಚೆ ಆ ಪ್ರತಿಗಳನ್ನು ನಿಮ್ಮ ಜಿಲ್ಲೆಯ ಅರಣ್ಯ ಇಲಾಖೆ ಕಚೇರಿಯಲ್ಲಿ ತೋರಿಸಿ ಕೇಳಿ. ಯಾರೂ ಬೈಯುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಪಕ್ಕದಲ್ಲೇ ಇದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ, ಬ್ಯಾಂಕಾಕ್‌ನಿಂದ ಬಂದ ಬ್ಯಾಗಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗಿದ್ದ ಆರು ಕ್ಯಾಪುಚಿನ್ ಕೋತಿಗಳು ಸತ್ತೇ ಹೋಗಿದ್ದವು. ಹಾವನ್ನು ಬ್ಯಾಗಿನಲ್ಲಿ ತರಲು ಕಾನೂನಿನಲ್ಲಿ ದಾರಿಯೇ ಇಲ್ಲ. ಕಾಗದವಿಲ್ಲದೆ ಸಿಗುವ ಅಪರೂಪದ ಹೆಬ್ಬಾವು ಹೀಗೆ ಬಂದ ಹಾವುಗಳಲ್ಲಿ ಬದುಕುಳಿದದ್ದು ಆಗಿರಬಹುದು.

ಸಾಕಿ ಬೆಳೆಸಿದ್ದು ಎಂಬ ಮಾತನ್ನೂ ಸುಲಭಕ್ಕೆ ನಂಬುವ ಹಾಗಿಲ್ಲ. ಎಲೆಹಸಿರು ಬಣ್ಣದ ಗ್ರೀನ್ ಟ್ರೀ ಪೈಥಾನ್‌ಗಳನ್ನು ಇಂಡೊನೇಷ್ಯಾ ಬೇರೆ ದೇಶಗಳಿಗೆ ಕಳಿಸುತ್ತಿತ್ತು. ಎಲ್ಲಕ್ಕೂ ಫಾರ್ಮಿನಲ್ಲಿ ಹುಟ್ಟಿದವು ಎಂಬ ಹಣೆಪಟ್ಟಿ. 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದನ್ನು ಜಾಡು ಹಿಡಿದು ನೋಡಿದಾಗ, ಕನಿಷ್ಠ ಶೇಕಡ 80ರಷ್ಟು ಕಾಡಿನಿಂದ ಹಿಡಿದು ತಂದವು ಎಂದು ಗೊತ್ತಾಯಿತು. ಕಾಡಿನ ಹಾವಿನ ಹೊಟ್ಟೆಯಲ್ಲಿ ಹುಳ, ಮೈಮೇಲೆ ಉಣ್ಣಿ ಇರುತ್ತವೆ. ಸಿಕ್ಕಿಬಿದ್ದ ಗಾಬರಿಯಲ್ಲಿ ಊಟ ಬಿಡುತ್ತದೆ. ಹೀಗೆ ಬಂದವುಗಳಲ್ಲಿ ಎಷ್ಟೋ ಹಾವುಗಳು ಕೊಂಡವನ ಕೈಯಲ್ಲೇ ಸಾಯುತ್ತವೆ. ಕೊಂಡವನು ತನ್ನ ಆರೈಕೆ ಸರಿಯಿಲ್ಲವೇನೋ ಅಂತ ಕೊರಗುತ್ತಾನೆ.

ಕಾಗದ ಸರಿ ಇದೆ ಅಂತ ಇಟ್ಟುಕೊಳ್ಳೋಣ. ಈಗ ಹವೆ.

ಹಾವು ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು. ಬಿಸಿ ಬೇಕಾದರೆ ಬಿಸಿ ಜಾಗಕ್ಕೆ ಹೋಗುತ್ತದೆ, ಸಾಕಾದರೆ ತಣ್ಣನೆ ಜಾಗಕ್ಕೆ. ಊಟ ಅರಗುವುದು, ಕಾಯಿಲೆಯನ್ನು ಎದುರಿಸುವುದು, ಪೊರೆ ಬಿಡುವುದು ಎಲ್ಲವೂ ಇದರ ಮೇಲೆ ನಿಂತಿದೆ. ಅದಕ್ಕೇ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಗೆ ಇರಬೇಕು ಅನ್ನುವುದು. ನಮ್ಮ ಮೂರೂ ಜಿಲ್ಲೆಗಳು ಎತ್ತರದ ಒಣ ಬಯಲು. ಜನವರಿಯ ರಾತ್ರಿ ಉಷ್ಣಾಂಶ 15 ಡಿಗ್ರಿ ಹತ್ತಿರ ಇಳಿಯುತ್ತದೆ. ಏಪ್ರಿಲ್‌ನಲ್ಲಿ 36 ದಾಟುತ್ತದೆ, ಪಾವಗಡದ ಕಡೆ ಇನ್ನೂ ಜಾಸ್ತಿ. ಬೇಸಿಗೆಯ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡ 30ಕ್ಕಿಂತ ಕೆಳಗೆ ಹೋಗುವುದುಂಟು. ನಾವು ಕೊಂಡುತರುವ ಹಾವು ಬದುಕಬೇಕಾದ ಗಾಳಿ ಇದು.

ತುಮಕೂರಿನ ಬಟವಾಡಿ ಹತ್ತಿರ ರೂಮ್ ಮಾಡಿಕೊಂಡಿರುವ ಎಂಜಿನಿಯರಿಂಗ್ ಹುಡುಗನೊಬ್ಬ ಕೇಳಿದ್ದ. "ಅಣ್ಣಾ, ಗ್ರೀನ್ ಟ್ರೀ ಪೈಥಾನ್ ಒಂದು ತರಬೇಕು ಅಂತಿದೀನಿ. ಮೂರನೇ ಮಹಡಿ ರೂಮು, ಜಾಗ ಇದೆ."

"ಮೇಲೆ ಇನ್ನೊಂದು ಮಹಡಿ ಇದೆಯಾ, ತಾರಸಿನಾ?"

"ತಾರಸಿ ಅಣ್ಣ. ಬೇಸಿಗೇಲಿ ನಾನೇ ಇರಕ್ಕಾಗಲ್ಲ."

"ಮತ್ತೆ ಅದು ಹೆಂಗಿರುತ್ತಪ್ಪ?"

ಗ್ರೀನ್ ಟ್ರೀ ಪೈಥಾನ್ ನ್ಯೂಗಿನಿ ದ್ವೀಪದ ಮಳೆಕಾಡಿನ ಹಾವು. ಆಸ್ಟ್ರೇಲಿಯಾದ ಕೇಪ್ ಯಾರ್ಕ್ ತುದಿಯಲ್ಲೂ ಇದೆ. ಮರಿಯಲ್ಲಿ ಹಳದಿ ಅಥವಾ ಕೆಂಪು, ಬೆಳೆಯುತ್ತಾ ಹಸಿರು. ಕೊಂಬೆಯ ಮೇಲೆ ಮಡಿಕೆ ಮಡಿಕೆಯಾಗಿ ಕೂತಿರುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದಕ್ಕೆ ದಿನವೂ ತೇವ ಬೇಕು, ಹಾಗೆಯೇ ಗಾಳಿಯೂ ಆಡಬೇಕು. ಒಣಗಿದರೆ ಪೊರೆ ಚೂರು ಚೂರಾಗಿ ಮೈಗೆ ಅಂಟುತ್ತದೆ. ತೇವ ಜಾಸ್ತಿಯಾಗಿ ಗಾಳಿ ನಿಂತರೆ ಉಸಿರಾಟದ ಸೋಂಕು. ನಮ್ಮ ಏಪ್ರಿಲ್ ಗಾಳಿಯಲ್ಲಿ ಈ ಎರಡರ ಮಧ್ಯೆ ಹದ ಹಿಡಿಯುವುದು ಅನುಭವಿಗಳಿಗೂ ಕಷ್ಟ. ಜೊತೆಗೆ ಅದು ಕೈಯಲ್ಲಿ ಎತ್ತಿ ಆಡಿಸುವ ಹಾವೂ ಅಲ್ಲ. ನಾನಂತೂ ಬೇಡ ಅನ್ನುತ್ತೇನೆ.

ಬೋಲೆನ್ಸ್ ಪೈಥಾನ್ ಇನ್ನೊಂದು ಕನಸಿನ ಹಾವು. ಕಪ್ಪು ಮೈ, ಬೆಳಕು ಬಿದ್ದರೆ ನೀಲಿ-ನೇರಳೆ ಹೊಳಪು. ಅದು ನ್ಯೂಗಿನಿಯ ಬೆಟ್ಟಗಳದ್ದು. ನಂದಿಬೆಟ್ಟದ ತುದಿ 1,478 ಮೀಟರ್ ಎತ್ತರ ಅಲ್ವಾ? ಬೋಲೆನ್ಸ್ ಅಷ್ಟು ಎತ್ತರದಲ್ಲೂ ಅದಕ್ಕಿಂತ ಮೇಲೆಯೂ ಇರುತ್ತದೆ. ಅದಕ್ಕೆ ರಾತ್ರಿ ತಂಪು ಬೇಕು, ಬಿಸಿಲು ಕಾಯಿಸಲು ಬಿಸಿ ಜಾಗವೂ ಬೇಕು. ಇದನ್ನು ಮರಿ ಮಾಡಿಸುವುದು ದೊಡ್ಡ ಮೃಗಾಲಯಗಳಿಗೂ ಕಷ್ಟವಾಗಿದೆ. ಇಲ್ಲಿ ಒಂದು ಮಾತು ನೆನಪಿಡಿ. ಹಾವಿನ ಪೆಟ್ಟಿಗೆಯನ್ನು ಬಿಸಿ ಮಾಡುವುದು ಸುಲಭ, ತಂಪು ಮಾಡುವುದು ಕಷ್ಟ. ತಂಪು ಬೇಡುವ ಹಾವಿಗೆ ಏಪ್ರಿಲ್-ಮೇ ತಿಂಗಳಲ್ಲಿ ಹಗಲೂ ರಾತ್ರಿ ಎಸಿ ಓಡಬೇಕು.

ವೈಟ್ ಲಿಪ್ಡ್ ಪೈಥಾನ್ ಕೂಡ ಆ ಕಡೆಯದೇ. ತೇವ ಬೇಕು, ಸ್ವಭಾವ ಸಿಡುಕು. ಬ್ಲಡ್ ಪೈಥಾನ್ ಮಲೇಷ್ಯಾ, ಸುಮಾತ್ರಾದ ಜೌಗು ಜಾಗಗಳದ್ದು. ಉದ್ದ ನಾಲ್ಕರಿಂದ ಆರು ಅಡಿ ಅಷ್ಟೇ, ಆದರೆ ತೋಳಿಗಿಂತ ದಪ್ಪ ಆಗುತ್ತದೆ. ತೂಕ ಹತ್ತು ಕಿಲೋ ಮುಟ್ಟಬಹುದು. ಉದ್ದ ಕೇಳಿ ಚಿಕ್ಕದು ಅಂದುಕೊಳ್ಳುವವರಿಗೆ ಇದು ಪಾಠ.

ಹಾಗಾದರೆ ನಮ್ಮ ಹವೆಗೆ ಹತ್ತಿರದ್ದು ಯಾವುದು? ಆಸ್ಟ್ರೇಲಿಯಾದ ಸಣ್ಣ ಹೆಬ್ಬಾವುಗಳು. ನನಗೆ ಇವುಗಳ ಮೇಲೆ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಇವುಗಳಲ್ಲಿ ಚಿಲ್ಡ್ರನ್ಸ್ ಪೈಥಾನ್ ಮುಖ್ಯ. ಉತ್ತರ ಆಸ್ಟ್ರೇಲಿಯಾದ ಕಲ್ಲುಗುಡ್ಡ, ಒಣ ಕಾಡುಗಳಲ್ಲಿ ಇರುತ್ತದೆ. ಅಲ್ಲಿ ಕೆಲವು ತಿಂಗಳು ಮಳೆ, ಉಳಿದದ್ದು ಒಣ ಕಾಲ. ನಮ್ಮ ಅಂತರಗಂಗೆ ಬೆಟ್ಟದ ಬಂಡೆಗಳ ನಡುವೆ ನಿಂತರೆ ಅಂಥ ಜಾಗ ಹೇಗಿರುತ್ತದೆ ಅಂತ ಊಹಿಸಬಹುದು. ಪೂರ್ತಿ ಬೆಳೆದರೂ ಮೂರು ಅಡಿ ಆಸುಪಾಸು, ತೂಕ ಅರ್ಧ ಕಿಲೋ ಹತ್ತಿರ. ಬೆಚ್ಚನೆ ತುದಿ 32 ಡಿಗ್ರಿ, ತಂಪು ತುದಿ 25 ಇದ್ದರೆ ಸಾಕು. ಗಾಳಿಯಲ್ಲಿ ವಿಶೇಷ ತೇವ ಬೇಡ. ಪೊರೆ ಬಿಡುವ ಕಾಲಕ್ಕೆ ಒದ್ದೆ ಪಾಚಿ ಇಟ್ಟ ಒಂದು ಡಬ್ಬಿ ಸಾಕಾಗುತ್ತದೆ.

ಇದರ ಹತ್ತಿರದ ಬಂಧು ಸ್ಪಾಟೆಡ್ ಪೈಥಾನ್, ಪೂರ್ವ ಆಸ್ಟ್ರೇಲಿಯಾದ್ದು. ಗುಹೆಯ ಬಾಯಲ್ಲಿ ನೇತಾಡುತ್ತಾ, ಹೊರಗೆ ಹಾರುವ ಬಾವಲಿಯನ್ನು ಗಾಳಿಯಲ್ಲೇ ಹಿಡಿಯುತ್ತದೆ. ಹೆಬ್ಬಾವುಗಳ ತುಟಿಯಲ್ಲಿ ಶಾಖ ಗ್ರಹಿಸುವ ಸಣ್ಣ ಗುಳಿಗಳಿರುತ್ತವೆ. ಬಿಸಿ ಮೈಯ ಪ್ರಾಣಿ ಕತ್ತಲಲ್ಲೂ ತಿಳಿಯುವುದು ಇದರಿಂದ. ಇನ್ನೂ ಚಿಕ್ಕದು ಪಿಗ್ಮಿ ಪೈಥಾನ್. ಹೆಬ್ಬಾವುಗಳಲ್ಲೇ ಅತಿ ಪುಟ್ಟದು, ಎರಡು ಅಡಿ. ಪಶ್ಚಿಮ ಆಸ್ಟ್ರೇಲಿಯಾದ ಒಣ ನೆಲದಲ್ಲಿ ಗೆದ್ದಲ ಹುತ್ತಗಳಲ್ಲಿ ಇರುತ್ತದೆ. ಹುತ್ತದಲ್ಲಿ ಹಾವು ಎಂಬುದು ನಮಗೆ ಹೊಸದಲ್ಲ. ಆದರೆ ಇವುಗಳ ಮರಿಗಳದ್ದು ಒಂದು ಕಷ್ಟ ಇದೆ. ಕಾಡಿನಲ್ಲಿ ಅವು ಹಲ್ಲಿ ತಿಂದು ಬೆಳೆಯುತ್ತವೆ. ಇಲಿಮರಿ ಕೊಟ್ಟರೆ ಮೂಸಿಯೂ ನೋಡದಿರಬಹುದು. ಅದಕ್ಕೇ ಈಗಾಗಲೇ ಇಲಿ ತಿನ್ನಲು ಶುರುಮಾಡಿರುವ ಮರಿಯನ್ನೇ ಕೇಳಿ ತೆಗೆದುಕೊಳ್ಳಬೇಕು. ನಿಮ್ಮ ಕಣ್ಣೆದುರೇ ಒಂದು ಸಲ ತಿನ್ನಿಸಿ ತೋರಿಸಲಿ.

ಹವೆಗೆ ಹೊಂದಿದರೂ ಕಾಗದದ ವಿಷಯದಲ್ಲಿ ಇವೇ ಕಷ್ಟ. ಆಸ್ಟ್ರೇಲಿಯಾ ತನ್ನ ಜೀವಂತ ಸರೀಸೃಪಗಳನ್ನು ವ್ಯಾಪಾರಕ್ಕೆ ಹೊರಗೆ ಬಿಡುವುದೇ ಇಲ್ಲ. ಹೊರಗೆ ಇರುವುದೆಲ್ಲ ಹಿಂದೆ ಬೇರೆ ದೇಶ ಸೇರಿದ ಹಾವುಗಳ ಸಂತಾನ. ಹಾಗಾಗಿ ಭಾರತದಲ್ಲಿ ನೋಂದಣಿ ಇರುವ ಮರಿ ಸಿಗಲು ವರ್ಷಗಟ್ಟಲೆ ಕಾಯಬೇಕಾಗಬಹುದು. ಕಾಯುವುದೇ ಒಳ್ಳೆಯದು.

ವೋಮಾ ಪೈಥಾನ್ ಮರಳುಗಾಡಿನದು. ಅದಕ್ಕೂ ಅದರ ಬಂಧು ಬ್ಲ್ಯಾಕ್ ಹೆಡೆಡ್ ಪೈಥಾನ್‌ಗೂ ತುಟಿಯ ಗುಳಿಗಳೇ ಇಲ್ಲ. ಕಾಡಿನಲ್ಲಿ ಹಲ್ಲಿ, ಓತಿಕ್ಯಾತ, ಬೇರೆ ಹಾವುಗಳನ್ನೂ ತಿನ್ನುತ್ತವೆ. ಒಣ ಹವೆಗೆ ಒಗ್ಗುತ್ತವೆ. ಆದರೆ ಊಟದ ಆಸೆ ವಿಪರೀತ, ಕೈಯನ್ನೂ ಊಟ ಅಂದುಕೊಳ್ಳುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನು ಯಾವತ್ತೂ ಇಡಬಾರದು. ಕಾರ್ಪೆಟ್ ಪೈಥಾನ್ ಆರು ಅಡಿ ದಾಟುತ್ತದೆ, ಗಟ್ಟಿ ಜೀವ, ಮರಿಯಲ್ಲಿ ಕಚ್ಚುವ ಚಟ. ಜಾಗ ಇದ್ದವರಿಗೆ ಸರಿ.

ಯಾವ ಜಾತಿಯೇ ಆಗಲಿ, ಬಿಸಿಯನ್ನು ಅಂಕೆಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಬೇಡಿ. ಅಂಕೆಯಿಲ್ಲದ ಹೀಟರ್ ಮೇಲೆ ಮಲಗಿದ ಹಾವಿನ ಹೊಟ್ಟೆ ಸುಟ್ಟುಹೋಗುತ್ತದೆ, ಅದು ಎದ್ದು ಬರುವುದಿಲ್ಲ. ಕರೆಂಟ್ ಹೋದಾಗ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಹಾವು ತರುವ ಮುಂಚೆಯೇ ನೋಡಿ. ತಾರಸಿ ಕೆಳಗಿನ ಕೋಣೆ, ಶೀಟಿನ ಮನೆ ಎರಡೂ ಬೇಡ. ಖಾಲಿ ಪೆಟ್ಟಿಗೆಯಲ್ಲಿ ಉಷ್ಣಾಂಶ, ತೇವಾಂಶ ತೋರಿಸುವ ಮೀಟರ್ ಇಟ್ಟು ಒಂದು ಬೇಸಿಗೆ, ಒಂದು ಚಳಿಗಾಲ ಬರೆದುಕೊಳ್ಳಿ. ನಾನು ಕೊಡುವ ಸಲಹೆಗಳಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಯಾವ ಹಾವು ಆಗುತ್ತದೆ ಅಂತ ಆ ಅಂಕಿಗಳೇ ಹೇಳುತ್ತವೆ. ಕೆಳಗೆ ಹಾಸಲು ಕೊಕೊಪೀಟ್ ಒಳ್ಳೆಯದು. ತಿಪಟೂರು, ಗುಬ್ಬಿ ಕಡೆಯವರಿಗೆ ತೆಂಗಿನ ನಾರಿನ ಪುಡಿಗೆ ಬರವಿಲ್ಲ. ಬೋರ್‌ವೆಲ್‌ನ ಗಡಸು ನೀರನ್ನು ಸ್ಪ್ರೇ ಮಾಡಿದರೆ ಗಾಜಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ನಳಿಕೆ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ನೀರು ಬಳಸಿ.

ಊಟಕ್ಕೆ ಬಿಳಿ ಇಲಿ ಬೇಕು. ಕೊಂದು ಫ್ರೀಜ್ ಮಾಡಿದ್ದನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಡುವುದು ಸರಿಯಾದ ಕ್ರಮ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡಬಲ್ಲದು. ಗದ್ದೆಯ ಇಲಿ, ಮನೆಯ ಇಲಿ ಬೇಡವೇ ಬೇಡ. ಅದು ಇಲಿ ಪಾಷಾಣ ತಿಂದಿದ್ದರೆ ಹಾವೂ ಹೋಗುತ್ತದೆ. ಇದಕ್ಕೆಲ್ಲ ಬೇರೆ ಫ್ರಿಜ್ ಬೇಕು, ಮನೆಯವರ ಒಪ್ಪಿಗೆಯೂ ಬೇಕು. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬರುವ ಅಮ್ಮನಿಗೆ, ಮಗನ ಕೋಣೆಯಲ್ಲಿ ಹಾವನ್ನು ಬೀಗ ಹಾಕಿ ಇಡುವುದು, ಅದಕ್ಕೆ ಇಲಿ ತಿನ್ನಿಸುವುದು ಮನಸ್ಸಿಗೆ ನೋವಾಗಬಹುದು. ಕದ್ದು ಮುಚ್ಚಿ ತರಬೇಡಿ. ಮನೆ ಮಾಲೀಕರಿಗೂ ಹೇಳಿ.

ಹಾವು ನೋಡುವ ಪಶುವೈದ್ಯರು ಹೆಚ್ಚಾಗಿ ಬೆಂಗಳೂರಿನಲ್ಲಿ. ತುಮಕೂರಿನಿಂದಲೂ ಕೋಲಾರದಿಂದಲೂ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ನಾಳೆ ನೋಡೋಣ ಅನ್ನಬಾರದು. ಹೆಬ್ಬಾವುಗಳಲ್ಲಿ ನಿಡೊವೈರಸ್ ಎಂಬ ಸೋಂಕು ಶ್ವಾಸಕೋಶ ಹಿಡಿಯುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಅದಕ್ಕೆ ಔಷಧಿ ಇಲ್ಲ. ಹೊಸ ಹಾವನ್ನು ಹಳೆಯದರಿಂದ ತಿಂಗಳುಗಟ್ಟಲೆ ದೂರ ಇಡುವುದು ಇದಕ್ಕೇ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಸೋಂಕು ಮನುಷ್ಯರಿಗೂ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾವು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಆಯುಸ್ಸು. ಇಪ್ಪತ್ತು, ಇಪ್ಪತ್ತೈದು ವರ್ಷ ಹೆಬ್ಬಾವಿಗೆ ದೊಡ್ಡ ಮಾತಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ವರ್ಷ ದಾಟಿದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟಿತು, ಅದೂ ಎಷ್ಟೋ ವರ್ಷ ಗಂಡಿನ ಹತ್ತಿರ ಹೋಗದೆ. ಇಪ್ಪತ್ತನೇ ವಯಸ್ಸಿನಲ್ಲಿ ಹಾವು ತಂದವನಿಗೆ ಕೆಲಸ, ಮದುವೆ, ಊರು ಎಲ್ಲ ಬದಲಾಗುತ್ತದೆ. ಹಾವು ಅಲ್ಲೇ ಇರುತ್ತದೆ.

ಆಗ ಸಾಕಲು ಆಗದೆ ಕೆಲವರು ದೇವರಾಯನದುರ್ಗದ ಕಾಡಿಗೋ ಸ್ಕಂದಗಿರಿಯ ಬುಡಕ್ಕೋ ಬಿಟ್ಟು ಬರುವ ಯೋಚನೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಒಂದೋ ಹಾವು ಸಾಯುತ್ತದೆ, ಇಲ್ಲ ತನ್ನ ಕಾಯಿಲೆಯನ್ನು ನಮ್ಮ ಹಾವುಗಳಿಗೆ ಹಚ್ಚುತ್ತದೆ, ಇಲ್ಲ ಅಲ್ಲೇ ನೆಲೆಸಿ ಹೆಚ್ಚುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರ ಕೈತಪ್ಪಿದ ಬರ್ಮೀಸ್ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಹೆಚ್ಚಿದವು. 2012ರ ಅಧ್ಯಯನದ ಪ್ರಕಾರ ಅಲ್ಲಿ ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳು ಕಣ್ಣಿಗೆ ಬೀಳುವುದು ಶೇಕಡ 99ರಷ್ಟು ಕಡಿಮೆಯಾಗಿತ್ತು.

ನೋಂದಣಿ ಇರುವ ಹಾವಾದರೆ, ವರ್ಗಾವಣೆಯನ್ನು ಪೋರ್ಟಲ್‌ನಲ್ಲಿ ದಾಖಲಿಸಿ, ಸಾಕಬಲ್ಲವರಿಗೆ ಕೊಡಿ. ಕಾಗದವಿಲ್ಲದ ಹಾವು ಈಗಾಗಲೇ ಮನೆಯಲ್ಲಿದ್ದರೆ ಒಬ್ಬ ವಕೀಲರನ್ನು ಕೇಳಿ, ಅರಣ್ಯ ಇಲಾಖೆಗೆ ತಿಳಿಸಿ. ಸಹಾಯವಾಣಿ 1926. ಒಪ್ಪಿಸುವಾಗ ಹಾವಿನ ಜಾತಿ, ವಯಸ್ಸು, ಕೊನೆಯ ಸಲ ಯಾವಾಗ ಏನು ತಿಂದಿತು, ಯಾವಾಗ ಪೊರೆ ಬಿಟ್ಟಿತು, ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದಿರಿ ಅಂತ ಒಂದು ಹಾಳೆಯಲ್ಲಿ ಬರೆದು ಜೊತೆಗೆ ಕೊಡಿ. ಮುಂದೆ ಅದನ್ನು ನೋಡಿಕೊಳ್ಳುವವರಿಗೆ ಮೊದಲ ದಿನವೇ ಅದು ಬೇಕಾಗುತ್ತದೆ.